ದೊರೆಯ ಕಾರಿನ ಟಕಟಕ

ಮೊನ್ನೆ ಸೊಸೆಯ ಹೊಲಿಗೆ ಯಂತ್ರ ಇದ್ದಕ್ಕಿದ್ದಂತೆ ಕಟಕಟ ಎನ್ನತೊಡಗಿತು. ನಾನು ಸುಮ್ಮನಿರಬಾರದೇ? ಅಡುಗೆಮನೆಗೆ ಹೋಗಿ ಮರದ ಸೌಟು ತಂದೆ. ಅದರ ಬುಡವನ್ನು ಯಂತ್ರದ ಮೈಗೆ ಒತ್ತಿ, ಹಿಡಿಯ ತುದಿಯನ್ನು ಕಿವಿಗೆ ಚುಚ್ಚಿಕೊಂಡು, ಕಣ್ಣು ಮುಚ್ಚಿ, "ಈಗ ತುಳಿಯಮ್ಮ" ಎಂದೆ. ಸೊಸೆ ತುಳಿಯಲಿಲ್ಲ. "ಮಾವ, ಅದು ಸಾರಿನ ಸೌಟು" ಎಂದಳು.

ಈ ಮನೆಯಲ್ಲಿ ನನ್ನ ವಿದ್ಯೆಗೆ ಸಿಗುವ ಮರ್ಯಾದೆ ಇಷ್ಟೆ. ಎಲ್ಲಿ ಏನು ಸದ್ದು ಮಾಡಿದರೂ ಕೋಲು ಹಿಡಿದು ಕಿವಿಗೊಡುವ ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೊಡಗಿನ ಸುಂಟಿಕೊಪ್ಪದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದಾಗ, ಬಿಳಿ ದೊರೆಗಳ ಕಾಲದಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಒಂದು ಡಿಸೆಂಬರಿನಲ್ಲಿ ಅಂಟಿಕೊಂಡದ್ದು. ಅಂಟಿಸಿದ್ದು ಒಂದು ಕಾರು. ಆ ಕಾರನ್ನು ನೆನೆದರೆ ಇವತ್ತಿಗೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಸಿಟ್ಟು ಯಾರ ಮೇಲೆ ಎಂಬುದನ್ನು ಮಾತ್ರ ಸ್ವಲ್ಪ ತಡೆದು ಹೇಳುತ್ತೇನೆ.

ಅಮೆರಿಕದ ಕಾರು ಅದು. ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ ನಿಂತ ಇಂಜಿನು; ಬಾನೆಟ್ಟೇ ನಮ್ಮ ಆಫೀಸಿನ ಕೋಣೆಯಷ್ಟು ಉದ್ದ. ಊರಿಗೆ ವಾಪಸು ಹೊರಟ ಇನ್ನೊಬ್ಬ ದೊರೆಯಿಂದ ನಮ್ಮ ದೊರೆ ಅದನ್ನು ಕೊಂಡಿದ್ದರು. ಅದರ ಹೆಚ್ಚುಗಾರಿಕೆ ಎಂದರೆ ಮೌನ. ಆ ಕಾಲದ ಬೇರೆ ಕಾರುಗಳು ಹಾರಂಗಿ ಹೊಳೆಯ ಸೇತುವೆ ದಾಟುವಾಗಲೇ ಸುಂಟಿಕೊಪ್ಪಕ್ಕೆ ಸುದ್ದಿ ಮುಟ್ಟಿಸುತ್ತಿದ್ದವು. ಇದು ಬೆಕ್ಕಿನ ಹಾಗೆ ಬರುತ್ತಿತ್ತು. ದೊರೆಗೆ ಅದೇ ಬೇಕಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ಬೆಳಿಗ್ಗೆ ಒಂಬತ್ತಕ್ಕೋ ಹನ್ನೊಂದಕ್ಕೋ, ಯಾವ ತಿರುವಿನಲ್ಲಿ ದೊರೆ ಪ್ರತ್ಯಕ್ಷರಾಗುತ್ತಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೀಡಿ ಹಚ್ಚಿದ ಮೇಸ್ತ್ರಿ, ಎಲೆ ಅಡಿಕೆ ಬಿಚ್ಚಿದ ಹೆಂಗಸರು, ಮರದ ಬುಡದಲ್ಲಿ ಬುಟ್ಟಿಗೆ ತಲೆಕೊಟ್ಟು ಮಲಗಿದ ಗಂಡಸರು, ಎಲ್ಲರೂ ಸಿಕ್ಕಿಬೀಳುತ್ತಿದ್ದರು. ನಾನೂ ಒಮ್ಮೆ ಸಿಕ್ಕಿಬಿದ್ದೆ. ಏನು ಮಾಡುತ್ತಾ ಎಂದು ಕೇಳಬೇಡಿ.

ಅಂಥ ಕಾರು ಒಂದು ಚಳಿಯ ಬೆಳಿಗ್ಗೆ ಟಕಟಕ ಎಂದಿತು.

ಮೊದಲ ದಿನ ಸ್ವಲ್ಪ ಹೊತ್ತು ಟಕಟಕಿಸಿ ಸುಮ್ಮನಾಯಿತು. ಮರುದಿನ ಬಂಗಲೆಯಿಂದ ಕಣದವರೆಗೂ. ಒಂದು ವಾರದಲ್ಲಿ ಇಂಜಿನ್ ಚೆನ್ನಾಗಿ ಕಾಯುವವರೆಗೆ ಬಿಡುವೇ ಇಲ್ಲ. ಯಾರೋ ಬಾನೆಟ್ಟಿನೊಳಗೆ ಕೂತು ಸಣ್ಣ ಸುತ್ತಿಗೆಯಿಂದ ಮೊಳೆ ಹೊಡೆಯುತ್ತಿರುವ ಹಾಗೆ. ತೋಟದಲ್ಲಿ ಹಬ್ಬವೇ ಆಯಿತು. ದೊರೆ ಎರಡು ತಿರುವು ಹಿಂದಿರುವಾಗಲೇ ಬೀಡಿ ಆರುತ್ತಿತ್ತು, ಎಲೆ ಅಡಿಕೆಯ ಗಂಟು ಸೊಂಟ ಸೇರುತ್ತಿತ್ತು. ಹಿರಿಯ ಮೇಸ್ತ್ರಿ ನನ್ನ ಬಳಿ ಬಂದು, "ರೈಟರೇ, ಆ ಕಾರನ್ನ ರಿಪೇರಿ ಗಿಪೇರಿ ಮಾಡಿಸ್ಬೇಡಿ, ಪಾಪ ಅದರ ಪಾಡಿಗೆ ಇರ್ಲಿ" ಎಂದು ಶಿಫಾರಸು ಬೇರೆ ಮಾಡಿದ.

ದೊರೆ ಮಾತ್ರ ಒಂದು ಮಂಗಳವಾರ ನನ್ನನ್ನೂ ಡ್ರೈವರ್ ಮೊಯ್ದುವನ್ನೂ ಬಂಗಲೆಯ ಮುಂದೆ ನಿಲ್ಲಿಸಿದರು. ಮೊಯ್ದು ಮಲಯಾಳ ಮಾತಾಡುವ ಮಾಪಿಳ್ಳೆ. ನೆಲ್ಯಹುದಿಕೇರಿಯ ಕಡೆಯವನು, ಹನ್ನೊಂದು ವರ್ಷದಿಂದ ಅದೇ ಎಸ್ಟೇಟಿನ ಡ್ರೈವರ್. ಹೆಂಡತಿ ಆಯಿಷಾಳೊಂದಿಗೆ ಕಾರು ಶೆಡ್ಡಿನ ಹಿಂದಿನ ಎಸ್ಟೇಟ್ ಮನೆಯಲ್ಲಿ ವಾಸ. ನನಗಿಂತ ಹದಿನೈದು ವರ್ಷ ಹಿರಿಯ. ಆದರೂ ನಾನು ರೈಟರಿಕೆಯ ಗತ್ತಿನಲ್ಲಿ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

"ಇವನು ಎಣ್ಣೆ ನೋಡಲಿಲ್ಲ. ಡ್ರೈ ಓಡಿಸಿದ. ಇಂಜಿನ್ ಫಿನಿಶ್ ಮಾಡಿದ," ಎಂದರು ದೊರೆ, ತಮ್ಮ ಕನ್ನಡದಲ್ಲಿ. "ಶನಿವಾರ ಮೇಡಂ ಮೈಸೂರಿಗೆ ಟ್ರೇನಲ್ಲಿ ಬರ್ತಾರೆ, ಕಾರು ಹೋಗಬೇಕು. ಶನಿವಾರ ಸೌಂಡ್ ಇದ್ದರೆ, ಸಂಡೇ ಇವನು ಮನೆ ಖಾಲಿ. ರೈಟರ್, ನೀನು ನೋಡಿಕೋ."

"ನಾನಾ ಸಾರ್?"

"ನೀನು ಇಂಗ್ಲಿಷ್ ಓದಿದ್ದೀಯಲ್ಲ?"

ಶನಿವಾರಸಂತೆ ಊರಿನ ನಮ್ಮಪ್ಪ ಜಮೀನು ಮಾಡುತ್ತಿದ್ದವರು. ಮಗ ಇಂಗ್ಲಿಷ್ ಓದಿದರೆ ತಹಸೀಲ್ದಾರನಾಗುತ್ತಾನೆ ಎಂದುಕೊಂಡಿದ್ದರೇ ಹೊರತು, ಇಂಜಿನ್ನಿನ ನಾಡಿ ನೋಡಬೇಕಾಗುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮೊಯ್ದು ನನ್ನತ್ತ ಒಮ್ಮೆ ನೋಡಿದ. ತಲೆಯ ಟೊಪ್ಪಿ ತೆಗೆದು, ಮತ್ತೆ ಹಾಕಿಕೊಂಡ, ಅಷ್ಟೆ.

ನೀವು ಯಾವತ್ತಾದರೂ ಸದ್ದು ಮಾಡುವ ಕಾರಿನ ಪಕ್ಕ ನಿಂತಿದ್ದರೆ ನಿಮಗೆ ಗೊತ್ತಿರುತ್ತದೆ. ಜ್ವರ ಬಂದವನಿಗಿಂತ ಹೆಚ್ಚು ವೈದ್ಯರು ಅದಕ್ಕೆ. ಬುಧವಾರ ಬೆಳಿಗ್ಗೆ ಸುಂಟಿಕೊಪ್ಪದ ಮೆಕ್ಯಾನಿಕ್ ಅಂತೋಣಿ ಬಂದ. ಮಂಗಳೂರಿನ ಕಡೆಯವನು, ಬಸ್ಸುಗಳ ರಿಪೇರಿಯಲ್ಲಿ ಹೆಸರು ಮಾಡಿದವನು. ಅವನು ಇಂಜಿನ್ನಿನ ಪಕ್ಕ ಎರಡು ನಿಮಿಷ ತಲೆ ಬಗ್ಗಿಸಿ ನಿಂತು, "ಬೇರಿಂಗ್ ಹೋಗಿದೆ ಮಾರಾಯ್ರೇ. ಕೇಳಿ, ಡಗ್ ಡಗ್ ಡಗ್. ಹೊಟ್ಟೆ ಬಿಚ್ಚಬೇಕು, ಒಂದು ತಿಂಗಳು ಬೇಕು" ಎಂದ.

"ಡಗ್ ಡಗ್ ಎಲ್ಲಿ? ಅದು ಟಕ್ ಟಕ್" ಎಂದ ಮೊಯ್ದು.

"ಡಗ್ ಡಗ್."

"ಟಕ್ ಟಕ್. ಹನ್ನೊಂದು ವರ್ಷ ಕಾರು ಓಡಿಸಿದ ಕಿವಿ ಉಂಟು ನಂದು."

ಅಷ್ಟರಲ್ಲಿ ಪಕ್ಕದ ತೋಟದ ಪೂವಯ್ಯನವರು ಬಂದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಕೊಡವರು, ದೊರೆಗೂ ಸ್ನೇಹಿತರು. ಅವರು ದೂರದಲ್ಲೇ ನಿಂತು ಬೆತ್ತ ತೋರಿಸಿ, "ಎಂಥ ರೈಟರೇ, ಇದು ಪೆಟ್ರೋಲಿನ ದೋಷ. ಈಗಿನ ರೇಷನ್ ಕೂಪನ್ನಿನ ಪೆಟ್ರೋಲಿನಲ್ಲಿ ಅರ್ಧ ಸೀಮೆಎಣ್ಣೆ ಅಲ್ವಾ?" ಎಂದು ತೀರ್ಪು ಕೊಟ್ಟರು. ಬಂಗಲೆಯ ಅಡಿಗೆಯವನು ಇಲಿ ಹೊಕ್ಕಿದೆ ಎಂದ. ಕಣದಲ್ಲಿ ಕಾಫಿ ಕೆದಕುತ್ತಿದ್ದವಳೊಬ್ಬಳು ಗಾಡಿಗೆ ದೃಷ್ಟಿಯಾಗಿದೆ ಎಂದಳು. ಎಲ್ಲರೂ ಬಾಯಲ್ಲಿ ಸದ್ದು ಮಾಡಿ ತೋರಿಸುವವರೇ. ಟಕ್, ಡಗ್, ಟಿಕ್, ಕಟ್. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ನಿಲ್ಲಿಸಿದ್ದರೂ ನನ್ನ ತಲೆಯೊಳಗೆ ಅದು ಓಡುತ್ತಲೇ ಇತ್ತು.

ನಾನು ರೇಗಿ, "ಟಕ್ ಆದ್ರೂ ಆಗ್ಲಿ ಡಗ್ ಆದ್ರೂ ಆಗ್ಲಿ, ಹೊಟ್ಟೆ ಬಿಚ್ಚದಂಗೆ ಏನಾದ್ರೂ ಮಾಡಂಗಿದ್ರೆ ಮಾಡಪ್ಪ" ಎಂದು ಅಂತೋಣಿಗೆ ಹೇಳಿದೆ. ಅವನಿಗೆ ಇನ್ನೊಂದು ಸಂದೇಹ ಹೊಳೆಯಿತು: ಟ್ಯಾಪೆಟ್ಟು. ಇಂಜಿನ್ನಿನೊಳಗೆ ವಾಲ್ವುಗಳನ್ನು ಎತ್ತಿ ಇಳಿಸುವ ಚಿಕ್ಕ ಸರಳುಗಳಿರುತ್ತವೆ. ಸರಳಿಗೂ ವಾಲ್ವಿಗೂ ನಡುವೆ ಸಂದು ಹೆಚ್ಚಾದರೆ ಒಂದಕ್ಕೊಂದು ಬಡಿದು ಸದ್ದು ಮಾಡುತ್ತವೆ. ಅಲ್ಲಿರುವ ಸ್ಕ್ರೂ ತಿರುಗಿಸಿ ಸಂದು ಸರಿಪಡಿಸಿದರೆ ಮುಗಿಯಿತು. ನನಗೆ ಜೀವ ಬಂತು. ಅಂತೋಣಿ ಇಂಜಿನ್ನಿನ ಮಗ್ಗುಲಿನ ತಗಡಿನ ಮುಚ್ಚಳ ಬಿಚ್ಚಿ ಒಳಗೆ ಇಣುಕಿದ. ಬಹಳ ಹೊತ್ತು ಇಣುಕಿದ. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದ.

"ರೈಟರೇ, ಇದರಲ್ಲಿ ಸ್ಕ್ರೂವೇ ಇಲ್ಲ."

"ಒಂದೂ ಇಲ್ವಾ?"

"ಹದಿನಾರು ಇರಬೇಕಿತ್ತು. ಒಂದೂ ಇಲ್ಲ. ಯಾರೋ ತೆಗೆದಿದ್ದಾರೆ."

ಈ ಮಾತು ಬಂಗಲೆ ಮುಟ್ಟಲು ಐದು ನಿಮಿಷ ಹಿಡಿಯಲಿಲ್ಲ. ದೊರೆ ಊಟ ಬಿಟ್ಟು ಬಂದರು. ಮೊಯ್ದುವನ್ನು ನೋಡಿ, "ಸ್ಕ್ರೂ ಎಲ್ಲಿ?" ಎಂದರು. ಮೊಯ್ದು ಎರಡೂ ಕೈ ಎತ್ತಿದ. "ಹುಟ್ಟಿಸಿದ ದೇವರಾಣೆ ಸಾರ್, ಆ ಮುಚ್ಚಳ ನಾನು ತೆಗೆದೇ ಇಲ್ಲ" ಎಂದ. ದೊರೆ ತಿರುಗಿ ಒಳಗೆ ಹೋದರು. ಎಣ್ಣೆ ನೋಡದವನು ಎಂಬ ಅಪವಾದವೇ ಸಾಲದೆ ಈಗ ಕಳ್ಳ ಎಂಬುದೂ ಸೇರಿತು. ಅವತ್ತು ಸಂಜೆಯೇ ಆಯಿಷಾ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದುದನ್ನು ನಾನು ಶೆಡ್ಡಿನಿಂದ ಕಂಡೆ.

ಗುರುವಾರ ಬೆಳಿಗ್ಗೆ ನನಗೊಂದು ಬುದ್ಧಿ ಹೊಳೆಯಿತು. ಅಷ್ಟು ದೊಡ್ಡ ಕಾರಿಗೆ ಒಂದು ಪುಸ್ತಕ ಇರಲೇಬೇಕಲ್ಲ? ದೊರೆಯನ್ನು ಕೇಳಿದೆ. ಅವರು ಹುಡುಕಿಸಿ ಕೊಟ್ಟರು. ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಾನು ಶೆಡ್ಡಿನಲ್ಲಿ ಪೆಟ್ಟಿಗೆಯ ಮೇಲೆ ಕೂತು, ಮೊಯ್ದು ಮತ್ತು ಅಂತೋಣಿಯನ್ನು ಎದುರಿಗೆ ಕೂರಿಸಿಕೊಂಡು, ಪುರಾಣ ಓದುವವನ ಹಾಗೆ ಶುರುಮಾಡಿದೆ. ಬೇಗನೆ ಸಿಕ್ಕಿತು. ಈ ಇಂಜಿನ್ನಿನ ವಾಲ್ವ್ ಎತ್ತುವ ಸಾಮಾನುಗಳು ಹೈಡ್ರಾಲಿಕ್, ಇವಕ್ಕೆ ಸ್ಕ್ರೂ ಇರುವುದಿಲ್ಲ, ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಕೇಳಿದ್ಯಾ ಅಂತೋಣಿ? ಇರೋದೇ ಇಲ್ವಂತೆ!"

ಮೊಯ್ದು ಉಸಿರು ಬಿಟ್ಟ. ಅಂತೋಣಿ ನಂಬಲಿಲ್ಲ. "ಹೈಡ್ರಾಲಿಕ್ ಅಂದ್ರೆ ಎಂಥದು?" ಎಂದು ಕೇಳಿದ.

ಇಲ್ಲಿ ನನ್ನ ವಿದ್ವತ್ತಿನ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಆಗ ನನಗಿರಲಿಲ್ಲ. ಆಫೀಸಿಗೆ ಹೋಗಿ ನಿಘಂಟು ತೆಗೆದೆ. ನೀರಿಗೆ ಸಂಬಂಧಿಸಿದ್ದು ಎಂದಿತ್ತು. ಗಂಭೀರವಾಗಿ ವಾಪಸು ಬಂದು, "ನೀರಿನಿಂದ ನಡೆಯುವಂಥದ್ದು. ನೀರು ಕಮ್ಮಿಯಾಗಿದೆ" ಎಂದೆ. ಮೊಯ್ದು ಓಡಿಹೋಗಿ ಒಂದು ಕೊಡ ನೀರು ತಂದ. ರೇಡಿಯೇಟರಿನ ಮುಚ್ಚಳ ತೆಗೆದರೆ ಅದು ತುಂಬಿ ತುಳುಕುತ್ತಿತ್ತು. ಕೊಡ ಹಿಡಿದು ನಿಂತವನು, "ಇನ್ನು ಎಲ್ಲಿಗೆ ಹೊಯ್ಯುದು ರೈಟರೇ?" ಎಂದ. ಅಂತೋಣಿ ಎಣ್ಣೆ ಹಾಕುವ ಬಾಯಿಯತ್ತ ನೋಡಿದ. ನಾನೂ ನೋಡಿದೆ. ಇನ್ನೊಂದು ಕ್ಷಣ ತಡವಾಗಿದ್ದರೆ ಭಾನುವಾರ ಮೊಯ್ದುವಿನ ಜೊತೆ ನಾನೂ ಗಂಟು ಕಟ್ಟಬೇಕಾಗಿತ್ತು. ಯಾವ ದೇವರು ಬುದ್ಧಿ ಕೊಟ್ಟನೋ, "ತಡಿ, ಮುಂದಕ್ಕೆ ಓದ್ತೀನಿ" ಎಂದೆ.

ಮುಂದೆ ಓದಿದರೆ ನೀರಿನ ಹೆಸರೇ ಇಲ್ಲ. ಎಲ್ಲ ಎಣ್ಣೆಯ ಕಥೆ. ಆ ಒಂದೊಂದು ಸಾಮಾನಿನೊಳಗೂ ಒಂದು ಪುಟ್ಟ ಕೊಳವೆ, ಅದರೊಳಗೆ ಏರಿ ಇಳಿಯುವ ಇನ್ನೊಂದು ತುಣುಕು, ಕೆಳಗೆ ಸಾಸಿವೆಗಿಂತ ಕೊಂಚ ದೊಡ್ಡ ಗುಂಡು. ಇಂಜಿನ್ ಓಡುವಾಗ ಎಣ್ಣೆ ಒಳಗೆ ನುಗ್ಗುತ್ತದೆ, ಗುಂಡು ಅದನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಆ ಎಣ್ಣೆಯೇ ಸಂದನ್ನು ತುಂಬುತ್ತದೆ. ಸ್ಕ್ರೂ ಮಾಡುವ ಕೆಲಸವನ್ನು ಎಣ್ಣೆ ಮಾಡುತ್ತದೆ. ಅದಕ್ಕೇ ಆ ಕಾರಿಗೆ ಅಷ್ಟು ಮೌನ. ಕೊಳೆ ಸೇರಿ ಗುಂಡು ಸಿಕ್ಕಿಕೊಂಡರೆ, ಅಥವಾ ಎಣ್ಣೆ ಸರಿಯಾಗಿ ಒಳಗೆ ಬಾರದಿದ್ದರೆ, ಟಕಟಕ.

ಬೇರಿಂಗೋ ಇದೋ ಎಂದು ತಿಳಿಯುವ ಉಪಾಯವೂ ಪುಸ್ತಕದಲ್ಲಿತ್ತು. ಓಡುವ ಇಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ತಂತಿ ತೆಗೆಯಬೇಕು. ಬೇರಿಂಗಾದರೆ ಆ ಸಿಲಿಂಡರಿನ ತಂತಿ ತೆಗೆದಾಗ ಸದ್ದು ತಗ್ಗುತ್ತದೆ. ಮೊದಲ ತಂತಿಯನ್ನು ನಾನೇ ತೆಗೆಯುತ್ತೇನೆಂದು ಮುಂದಾದೆ. ಕೈಯಿಂದ ಹೆಗಲವರೆಗೆ ಯಾರೋ ಒದ್ದಂತಾಗಿ ಕಾಫಿ ಚೀಲದ ಮೇಲೆ ಬಿದ್ದೆ. ಉಳಿದ ಏಳನ್ನು ಮೊಯ್ದು ಒಣಬಟ್ಟೆ ಸುತ್ತಿಕೊಂಡು ತೆಗೆದ. ಯಾವುದನ್ನು ತೆಗೆದರೂ ಸದ್ದು ಬದಲಾಗಲಿಲ್ಲ.

"ಬೇರಿಂಗಲ್ಲ," ಎಂದ ಮೊಯ್ದು.

ಅಂತೋಣಿ ಮೊದಲ ಬಾರಿಗೆ, "ಅಲ್ಲ ಮಾರಾಯ್ರೇ" ಎಂದು ಒಪ್ಪಿದ.

ಆಮೇಲೆ ಬಂದದ್ದೇ ಕೋಲಿನ ವಿದ್ಯೆ. ಒಂದು ಒಣ ಕೋಲಿನ ತುದಿಯನ್ನು ಇಂಜಿನ್ನಿನ ಮಗ್ಗುಲಿಗೆ ಅಲ್ಲಲ್ಲಿ ಇಟ್ಟು ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಳ್ಳುವುದು. ಮುಂದಿನಿಂದ ಮೂರನೆಯ ಜಾಗದಲ್ಲಿ ಸದ್ದು ಕಿವಿಯೊಳಗೇ ಹೊಡೆದಂತೆ ಕೇಳಿಸಿತು. ಹಿಂದೆ ಇನ್ನೆರಡು ಕಡೆಯೂ ಸಣ್ಣಗೆ ಕೇಳಿಸಿತು. ಅರ್ಧ ಗಂಟೆ ಓಡಿ ಇಂಜಿನ್ ಕಾದ ಮೇಲೆ ಹಿಂದಿನವು ನಿಂತೇ ಹೋದವು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಕಾರಣವನ್ನೂ ಓದಿಬಿಡೋಣವೆಂದು ಪುಸ್ತಕಕ್ಕೆ ಮರಳಿ ಜೋರಾಗಿ ಕನ್ನಡಿಸಿದೆ:

"ಚಳಿಗಾಲದಲ್ಲಿ ತೆಳು ಎಣ್ಣೆಯನ್ನೇ ಉಪಯೋಗಿಸತಕ್ಕದ್ದು. ಮಂದವಾದ ಎಣ್ಣೆ ಹಾಕಿದಲ್ಲಿ ಇವುಗಳೊಳಗೆ ಹೋಗಲು ತಡವಾಗಿ, ಜಿಗುಟು ಕಟ್ಟಿ..."

ಅಲ್ಲಿಗೆ ನನ್ನ ಸ್ವರ ತಾನಾಗಿ ತಗ್ಗಿತು.

ಮೊಯ್ದು ನೆಲ ನೋಡುತ್ತಿದ್ದ. ಅಂತೋಣಿ ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯನ್ನು ಬೆರಳಲ್ಲಿ ಉಜ್ಜಿ, "ಇದೆಂಥ ಎಣ್ಣೆ? ಕಾಕಂಬಿ ಹಾಗೆ ಉಂಟು. ಎಲ್ಲಿದು?" ಎಂದ.

ನಾನು ಸ್ಟೋರಿನ ಬೀಗದ ಕೈ ತೆಗೆದುಕೊಂಡು ಒಬ್ಬನೇ ಹೋದೆ. ಮೂಲೆಯಲ್ಲಿ ಆ ಪೀಪಾಯಿ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಹೌಸಿನ ದೊಡ್ಡ ಇಂಜಿನ್ನಿಗೆಂದು ತರಿಸಿದ ಎಣ್ಣೆ. ಮೇಲೆ ಹಾಗೆಂದೇ ಇಂಗ್ಲಿಷಿನಲ್ಲಿ ಬರೆದಿತ್ತು. ಯುದ್ಧದ ಗಲಾಟೆಯಲ್ಲಿ ಕಾರಿನ ಎಣ್ಣೆಯ ಡಬ್ಬಿ ಬಾರದೆ ಎರಡು ತಿಂಗಳಾಗಿತ್ತು. ಎಣ್ಣೆ ಬದಲಿಸಬೇಕೆಂದು ಮೊಯ್ದು ಕೇಳಲು ಬಂದಾಗ ನಾನು ಕೂಲಿಯಾಳುಗಳ ಹಾಜರಿ ಬರೆಯುವುದರಲ್ಲಿ ಮುಳುಗಿದ್ದೆ. ತಲೆ ಎತ್ತದೆ ಪೀಪಾಯಿ ತೋರಿಸಿದ್ದೆ. ಅವನು ಡಬ್ಬಿಗೆ ಬಗ್ಗಿಸಿಕೊಂಡು ನೋಡಿ, "ರೈಟರೇ, ಇದು ತುಂಬ ದಪ್ಪ ಉಂಟಲ್ಲಾ?" ಎಂದಿದ್ದ. "ಎಣ್ಣೆ ಅಂದ್ರೆ ಎಣ್ಣೆ ಕಣಯ್ಯ. ತಗಂಡ್ ಹೋಗು, ತಲೆ ತಿನ್ಬೇಡ" ಎಂದಿದ್ದೆ ನಾನು.

ಇದನ್ನು ಮರೆತಿದ್ದೆ ಎಂದರೆ ಅರ್ಧ ಸುಳ್ಳು. ಮಂಗಳವಾರ ಬಂಗಲೆಯ ಮುಂದೆ ದೊರೆ "ಎಣ್ಣೆ" ಎಂದಾಗಲೇ ಮನಸ್ಸಿನಲ್ಲಿ ಏನೋ ಅಲುಗಾಡಿತ್ತು. ಅದನ್ನು ಅಲ್ಲೇ ಒತ್ತಿ ಹಿಡಿದಿದ್ದೆ. ಅಂತೋಣಿಯ ಮೇಲೆ, ಪೂವಯ್ಯನವರ ಮೇಲೆ, ಇಲಿಯೆಂದ ಅಡಿಗೆಯವನ ಮೇಲೆ ಎರಡು ದಿನ ರೇಗಿದ್ದೆಲ್ಲ ಈಗ ಆ ಪೀಪಾಯಿಯ ಮುಂದೆ ನಿಂತು ನೋಡಿದರೆ ಒಬ್ಬನಿಗೇ ಸಲ್ಲಬೇಕಾದದ್ದು. ಪ್ರಪಂಚದಲ್ಲಿ ತನ್ನ ಮೇಲೆಯೇ ರೇಗುವಷ್ಟು ಸುಸ್ತಿನ ಕೆಲಸ ಬೇರೆ ಇಲ್ಲ. ತಿರುಗಿ ಬಯ್ಯುವವರೂ ಇರುವುದಿಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ದುರಸ್ತಿ. ತೆಳು ಎಣ್ಣೆಯ ಎರಡು ಡಬ್ಬಿಗಳನ್ನು ಪೂವಯ್ಯನವರೇ ತಮ್ಮ ಶೆಡ್ಡಿನಿಂದ ಕೊಟ್ಟರು, "ಪೆಟ್ರೋಲೂ ಬದಲಿಸಿ ಆಯ್ತಾ" ಎಂಬ ಎಚ್ಚರಿಕೆಯೊಂದಿಗೆ. ಅಂತೋಣಿ ಹಳೆಯ ಎಣ್ಣೆ ಸುರಿದು, ವಾಲ್ವುಗಳ ಸ್ಪ್ರಿಂಗುಗಳನ್ನು ಎತ್ತಿ ಹಿಡಿದು, ಒಳಗಿನ ಹದಿನಾರು ತುಣುಕುಗಳನ್ನೂ ಹೊರತೆಗೆದ. ಒಂದರ ತುಣುಕನ್ನು ಇನ್ನೊಂದರ ಕೊಳವೆಗೆ ಹಾಕಕೂಡದೆಂದು ಪುಸ್ತಕ ಹೇಳಿತ್ತು. ನಾನು ಬಾಳೆ ಎಲೆಯ ಮೇಲೆ ಸುಣ್ಣದಲ್ಲಿ ಒಂದರಿಂದ ಹದಿನಾರರವರೆಗೆ ಬರೆದು ಪಂಕ್ತಿ ಹಾಕಿದೆ. ಮೊಯ್ದು ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಅದರ ಅಂಕೆಯ ಮೇಲೆ ಇಟ್ಟ. ಮೂರನೆಯ ಸಿಲಿಂಡರಿನ ಒಂದು ತುಣುಕು ಬೆಲ್ಲದ ಪಾಕದಲ್ಲಿ ಕಚ್ಚಿಕೊಂಡಂತೆ ಅಲುಗಾಡದೆ ಕೂತಿತ್ತು. ಅದನ್ನು ಬಿಡಿಸಲು ಅವನಿಗೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾವು ಎದುರುಬದುರು ಕೂತಿದ್ದೆವು. ಅವನು ಪೀಪಾಯಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೂರು ಗಂಟೆಗೆ ಮೊಯ್ದು ಇಂಜಿನ್ ಸ್ಟಾರ್ಟ್ ಮಾಡಿದ. ಮೊದಲು ಹದಿನಾರೂ ಸೇರಿ ಚಂಡೆ ಬಾರಿಸಿದವು. ನಾನು ಮತ್ತೆ ಪುಸ್ತಕ ಕೈಗೆತ್ತಿಕೊಂಡೆ. "ನಿಲ್ಲಿ, ಎಣ್ಣೆ ತುಂಬಲಿ" ಎಂದ ಮೊಯ್ದು. ಒಂದೊಂದಾಗಿ ಸದ್ದು ಉದುರಿತು. ಕೊನೆಗೆ ಶೆಡ್ಡಿನ ಹಿಂದೆ ಆಯಿಷಾ ಕೋಳಿ ಓಡಿಸುತ್ತಿದ್ದುದು ಕೇಳಿಸಿತು.

ಇನ್ನು ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಕಾರು ಸರಿಯಾಗಿದೆ, ಮೊಯ್ದುವಿನ ಮನೆ ಉಳಿದಿದೆ. ಆದರೆ ಎಣ್ಣೆ ನೋಡದೆ ಇಂಜಿನ್ ಕೆಡಿಸಿದವನು ಎಂಬ ಹೆಸರು ಅವನಿಗೇ ಉಳಿಯುತ್ತಿತ್ತು. ನಾನು ಬಂಗಲೆಗೆ ಹೋದೆ. ದೊರೆ ಚಹಾ ಕುಡಿಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ: ಆ ಇಂಜಿನ್ನಿಗೆ ಸ್ಕ್ರೂ ಇರುವುದೇ ಇಲ್ಲ, ಎಣ್ಣೆ ಕೊಟ್ಟದ್ದು ನಾನು, ಡ್ರೈವರ್ ತುಂಬ ದಪ್ಪ ಎಂದಿದ್ದ, ನಾನು ಗದರಿಸಿ ಕಳಿಸಿದೆ. ಹೇಳುವಾಗ ಮನಸ್ಸಿನಲ್ಲೇ ನನ್ನ ಟ್ರಂಕು ಕಟ್ಟಿ, ಶನಿವಾರಸಂತೆಯ ಬಸ್ಸು ಹತ್ತಿ, ಅಪ್ಪನ ಮುಂದೆ ನಿಂತಾಗಿತ್ತು.

ದೊರೆ ಬಟ್ಟಲು ಕೆಳಗಿಟ್ಟರು. "ವೆಲ್, ಯುದ್ಧಕಾಲ. ಎಲ್ಲರಿಗೂ ತಪ್ಪು ಆಗುತ್ತೆ ರೈಟರ್," ಎಂದರು. ಮತ್ತೆ ಬಟ್ಟಲು ಎತ್ತಿದರು.

ಅಷ್ಟೇ. ಯಾವ ತಪ್ಪಿಗೆ ಮೊಯ್ದು ಭಾನುವಾರ ಮನೆ ಬಿಡಬೇಕಿತ್ತೋ ಅದೇ ತಪ್ಪು, ಕೈ ಬದಲಾದ ಕೂಡಲೆ, ಯುದ್ಧಕಾಲವಾಯಿತು. ನನಗೆ ನೆಮ್ಮದಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. "ಮೊಯ್ದುವಿಗೆ ನೀವು ಒಂದು ಮಾತು ಹೇಳಿದರೆ ಸಾರ್..." ಎಂದೆ.

"ನೀನೇ ಹೇಳು," ಎಂದರು.

ಶೆಡ್ಡಿಗೆ ಬಂದೆ. ಮೊಯ್ದು ಬಾನೆಟ್ ಒರೆಸುತ್ತಿದ್ದ. "ದೊರೆಗೆ ಹೇಳಿ ಬಂದೆ. ಎಣ್ಣೆ ಕೊಟ್ಟಿದ್ದು ನಾನು ಅಂತ," ಎಂದೆ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

"ನೀನ್ಯಾಕೆ ಮೊದ್ಲೇ ಹೇಳ್ಲಿಲ್ಲ ಮೊಯ್ದು? ಮಂಗಳವಾರನೇ ಹೇಳ್ಬಹುದಿತ್ತಲ್ಲ?"

"ನಾನು ಹೇಳಿದ್ರೆ ದೊರೆ ನಂಬುದುಂಟಾ ರೈಟರೇ? ತಪ್ಪಿಸಿಕೊಳ್ಳೋಕೆ ನಿಮ್ಮ ಮೇಲೆ ಹಾಕ್ತಾನೆ ಅಂತಿದ್ರು. ನೀವು ಹೇಳ್ಬೇಕಿತ್ತು. ಹೇಳ್ತೀರೋ ಇಲ್ವೋ ಅಂತ ನೋಡ್ತಾ ಇದ್ದೆ," ಎಂದ. ಆಮೇಲೆ ಮನೆಯ ಕಡೆ ತಿರುಗಿ ಮಲಯಾಳದಲ್ಲಿ ಏನೋ ಕೂಗಿದ. ಪಾತ್ರೆಗಳು ಚೀಲದಿಂದ ಇಳಿಯುವ ಸದ್ದು ಕೇಳಿಸಿತು.

ಶನಿವಾರ ಕಾರು ಮೈಸೂರಿಗೆ ಹೋಗಿ ದೊರೆಯ ಹೆಂಡತಿಯನ್ನು ಕರೆದುಕೊಂಡು ಬಂತು, ಬೆಕ್ಕಿನ ಹಾಗೆ. ಸೋಮವಾರ ಹಿರಿಯ ಮೇಸ್ತ್ರಿ ಬೀಡಿಯ ಸಮೇತ ಸಿಕ್ಕಿಬಿದ್ದು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಕಾರಿನ ಎಣ್ಣೆಯ ಹೊಸ ಡಬ್ಬಿಗಳು ಬಂದದ್ದು ಫೆಬ್ರವರಿಯಲ್ಲಿ. ಮೊಯ್ದು ಸ್ಟೋರಿಗೆ ಬಂದ. ನಾನು ಎದ್ದು ಹೋಗಿ ಡಬ್ಬಿ ತೆಗೆದು ಕೊಟ್ಟೆ. ಅವನು ಕೂಡಲೆ ಹೊರಡಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಅಕ್ಷರಗಳಿರುವ ಮಗ್ಗುಲನ್ನು ನನ್ನ ಕಡೆ ತಿರುಗಿಸಿ, "ಓದಿ ರೈಟರೇ" ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ನಾನು ಓದಿದೆ. "ಕನ್ನಡದಲ್ಲಿ ಹೇಳಿ." ಹೇಳಿದೆ. ಕೇಳಿ ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ಹೋದ. ದೊರೆ ಎಸ್ಟೇಟ್ ಮಾರಿ ಹಡಗು ಹತ್ತುವವರೆಗೆ, ಪ್ರತಿ ಸಲ ಎಣ್ಣೆ ಕೇಳಲು ಬಂದಾಗಲೂ ಹಾಗೆಯೇ ಡಬ್ಬಿ ತಿರುಗಿಸಿ ನಿಲ್ಲುತ್ತಿದ್ದ. ಹಾಜರಿ ಪುಸ್ತಕ ಅರ್ಧಕ್ಕೆ ಬಿಟ್ಟು, ಪೆನ್ನು ಕೆಳಗಿಟ್ಟು, ನಾನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳುತ್ತಿದ್ದೆ.